ಪೋಕರ್: ನಡುವೆ ಬಿದ್ದ ಐದು ಎಲೆಗಳನ್ನು ಓದುವುದು ಹೇಗೆ?

ಪ್ರಶ್ನೆ: ಟೆಕ್ಸಸ್ ಹೋಲ್ಡೆಮ್ ಆಡಲು ಈಚೆಗೆ ಶುರುಮಾಡಿದ್ದೇನೆ. ಯಾವ ಕೈ ದೊಡ್ಡದು, ಯಾವುದು ಚಿಕ್ಕದು ಎಂಬ ಪಟ್ಟಿ ಬಾಯಿಪಾಠವಾಗಿದೆ. ಆದರೆ ಕಮ್ಯುನಿಟಿ ಕಾರ್ಡ್‌ಗಳು ಬಿದ್ದ ಮೇಲೆ ಲೆಕ್ಕ ತಪ್ಪುತ್ತದೆ. ಮೊನ್ನೆ ನನ್ನ ಕೈಯಲ್ಲಿ 8 ಮತ್ತು 7 ಇದ್ದವು. ನಡುವೆ ಎಕ್ಕ, 8, 7, ಆಮೇಲೆ ರಾಜ, ಕೊನೆಗೆ ಇನ್ನೊಂದು ರಾಜ ಬಂತು. ಮೂರು ಜೋಡಿ ಆಯಿತಲ್ಲ ಎಂದು ಖುಷಿಯಿಂದ ಎಲೆ ತೋರಿಸಿದೆ. ಎದುರಿನವರು ಎಕ್ಕ-ರಾಣಿ ತೋರಿಸಿ ಪಾಟ್ (ನಡುವೆ ಕೂಡಿದ ಪಣದ ಮೊತ್ತ) ಎಳೆದುಕೊಂಡರು. ಎಲ್ಲಿ ತಪ್ಪಿತು? ನಡುವಿನ ಎಲೆಗಳನ್ನು ಓದಲು ಒಂದು ಕ್ರಮ ಇದೆಯೇ?

ಉತ್ತರ: ಕ್ರಮ ಇದೆ. ಮೊದಲು ನೀವು ಸೋತ ಕೈಯನ್ನೇ ಬಿಡಿಸಿ ನೋಡೋಣ, ಅರ್ಧ ಪಾಠ ಅದರಲ್ಲೇ ಇದೆ.

ಕೈಯಲ್ಲಿ ಎರಡು, ನಡುವೆ ಐದು, ಒಟ್ಟು ಏಳು ಎಲೆ. ಆದರೆ ಲೆಕ್ಕಕ್ಕೆ ಬರುವುದು ಐದೇ. ಏಳರಲ್ಲಿ ಅತ್ಯುತ್ತಮವಾದ ಐದನ್ನು ಆರಿಸಿಕೊಂಡ ಮೇಲೆ ಮಿಕ್ಕ ಎರಡು ಇದ್ದೂ ಇಲ್ಲದ ಹಾಗೆ. ಐದು ಎಲೆಯಲ್ಲಿ ಮೂರು ಜೋಡಿ ಹಿಡಿಸುವುದಿಲ್ಲ. ಹಾಗಾಗಿ ನಿಮ್ಮದು ರಾಜ-ರಾಜ, 8-8, ಜೊತೆಗೆ ಎಕ್ಕ. 7ರ ಜೋಡಿ ಲೆಕ್ಕದಿಂದ ಬಿದ್ದುಹೋಯಿತು. ಎದುರಿನವರದು ಎಕ್ಕ-ಎಕ್ಕ, ರಾಜ-ರಾಜ, ಜೊತೆಗೆ ರಾಣಿ. ಎರಡು ಜೋಡಿ ಎದುರುಬದುರಾದಾಗ ಮೇಲಿನ ಜೋಡಿ ಯಾರದು ದೊಡ್ಡದೋ ಅವರೇ ಗೆದ್ದರು.

ಫ್ಲಾಪ್‌ನಲ್ಲಿ, ಅಂದರೆ ಮೊದಲ ಮೂರು ಎಲೆ ಎಕ್ಕ-8-7 ಬಿದ್ದಾಗ, ನೀವೇ ಮುಂದಿದ್ದಿರಿ. ಟರ್ನ್‌ನಲ್ಲಿ, ಅಂದರೆ ನಾಲ್ಕನೆಯ ಎಲೆಯಾಗಿ, ಮೊದಲ ರಾಜ ಬಿದ್ದಾಗಲೂ ನೀವೇ ಮುಂದೆ. ಆಗ ಎದುರಿನವರನ್ನು ಉಳಿಸಬಲ್ಲ ಎಲೆಗಳು ಎಷ್ಟಿದ್ದವು? ಎರಡು ಎಕ್ಕ, ಮೂರು ರಾಣಿ ಎಂದು ಹೊಸಬರು ಐದು ಎಣಿಸುತ್ತಾರೆ. ಉಳಿದ ಮೂರು ರಾಜರನ್ನೂ ಸೇರಿಸಬೇಕು, ಒಟ್ಟು ಎಂಟು. ಕಾಣದ 44 ಎಲೆಗಳಲ್ಲಿ ಎಂಟು ಎಂದರೆ ಸುಮಾರು 18 ಪ್ರತಿಶತ. ಬೋರ್ಡ್ (ನಡುವಿನ ಎಲೆಗಳು) ಜೋಡಿಯಾಗಿ ನಿಮ್ಮ ಸಣ್ಣ ಜೋಡಿಯನ್ನು ನಿರುಪಯೋಗಿ ಮಾಡುವ ಈ ಘಟನೆಗೆ ಆಟಗಾರರು ಕೌಂಟರ್‌ಫೀಟ್ ಆಯಿತು ಎನ್ನುತ್ತಾರೆ. ನಿಮ್ಮದು ದುರದೃಷ್ಟ, ಒಪ್ಪೋಣ. ಆದರೆ ರಿವರ್‌ನಲ್ಲಿ, ಅಂದರೆ ಐದನೆಯ ಎಲೆಯಾಗಿ, ಎರಡನೇ ರಾಜ ಬಿದ್ದ ಕ್ಷಣವೇ ನಿಮ್ಮ ಕೈಯ ಬೆಲೆ ಇಳಿಯಿತು ಎಂಬುದು ನಿಮಗೆ ಕಾಣಬೇಕಿತ್ತು. ನಿಮಗೆ ಕಂಡದ್ದು ಬೆಲೆ ಏರಿದಂತೆ.

ಹೊಸಬರ ಬಹುಪಾಲು ತಪ್ಪುಗಳ ಬುಡ ಇದೇ. ತಮ್ಮ ಎರಡು ಎಲೆ ಹಿಡಿದುಕೊಂಡು ನಡುವಿನ ಐದರಲ್ಲಿ ಅವಕ್ಕೆ ಹೊಂದುವುದನ್ನು ಹುಡುಕುತ್ತಾರೆ. ಓದಬೇಕಾದದ್ದು ತಿರುಗುಮುರುಗಾಗಿ: ಮೊದಲು ಬೋರ್ಡ್, ಆಮೇಲೆ ನಿಮ್ಮ ಎಲೆ. ಬೋರ್ಡ್ ಮೇಲಿರುವುದು ಎಲ್ಲರದ್ದು. ಅಲ್ಲಿ ರಾಜನ ಜೋಡಿ ಬಿದ್ದರೆ ಮೇಜಿನಲ್ಲಿ ಕೂತ ಪ್ರತಿಯೊಬ್ಬರಿಗೂ ರಾಜನ ಜೋಡಿ ಬಂದಂತೆ. ನಿಮ್ಮ ಎರಡು ಎಲೆ ಅದಕ್ಕೆ ಏನನ್ನು ಕೂಡಿಸಿತು ಎಂಬುದಷ್ಟೇ ನಿಮ್ಮ ಬಲ.

ಬೋರ್ಡ್‌ಗೆ ಕೇಳುವ ಮೂರು ಪ್ರಶ್ನೆ

ಎಲೆ ತೆರೆದ ಕೂಡಲೇ ನಿಮ್ಮ ಕೈ ಮರೆತು ಬೋರ್ಡನ್ನು ಮೂರು ಪ್ರಶ್ನೆ ಕೇಳಿ. ಅಂಕಿ ಯಾವುದಾದರೂ ಎರಡು ಸಲ ಬಂದಿದೆಯೇ? ಒಂದೇ ಸೂಟ್‌ನ (ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ್) ಎಲೆ ಎಷ್ಟಿವೆ? ಒಂದರ ಹತ್ತಿರ ಒಂದು ಇರುವ ಅಂಕಿಗಳು ಎಷ್ಟಿವೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಈ ಬೋರ್ಡ್ ಮೇಲೆ ಯಾರಿಗಾದರೂ ಆಗಬಹುದಾದ ಅತಿ ದೊಡ್ಡ ಕೈ ಯಾವುದು ಎಂಬುದು ಸಿಕ್ಕಿತು. ಅದಕ್ಕೆ ನಟ್ಸ್ ಎನ್ನುತ್ತಾರೆ.

ಮೊದಲ ಪ್ರಶ್ನೆ, ಜೋಡಿ. ಬೋರ್ಡ್‌ನಲ್ಲಿ ಯಾವ ಅಂಕಿಯೂ ಎರಡು ಸಲ ಬಂದಿಲ್ಲ ಎಂದರೆ ಫುಲ್ ಹೌಸ್ (ಒಂದು ಅಂಕಿಯವು ಮೂರು, ಇನ್ನೊಂದರವು ಎರಡು) ಯಾರಿಗೂ ಸಾಧ್ಯವಿಲ್ಲ, ನಾಲ್ಕು ಒಂದೇ ಅಂಕಿ (ಕ್ವಾಡ್ಸ್) ಕೂಡ ಸಾಧ್ಯವಿಲ್ಲ. ಕೈಯಲ್ಲಿರುವುದು ಎರಡೇ ಎಲೆ, ಅವು ಎಷ್ಟು ಒಳ್ಳೆಯವಾದರೂ ಅಷ್ಟು ದೂರ ಹೋಗಲಾರವು. ಒಂದು ಜೋಡಿ ಬಿತ್ತೋ, ಎರಡೂ ಬಾಗಿಲು ತೆರೆದವು. ಜೋಡಿಯಾದ ಬೋರ್ಡ್‌ನಲ್ಲಿ ನಿಮ್ಮ ಫ್ಲಶ್ (ಐದೂ ಒಂದೇ ಸೂಟ್) ಅಥವಾ ಸ್ಟ್ರೈಟ್ (ಐದು ಸಾಲು ಅಂಕಿ) ಇನ್ನು ಅಜೇಯವಲ್ಲ. ಮೂರು ಎಲೆಯ ಫ್ಲಾಪ್‌ಗಳಲ್ಲಿ ಸುಮಾರು 17 ಪ್ರತಿಶತ ಜೋಡಿ ಇರುವಂಥವು, ಅಂದರೆ ಆರರಲ್ಲಿ ಒಂದು.

ಎರಡನೆಯದು ಸೂಟ್. ಕೈಯಲ್ಲಿ ಎರಡೇ ಎಲೆ ಇರುವುದರಿಂದ ಫ್ಲಶ್ ಆಗಬೇಕಾದರೆ ಬೋರ್ಡ್ ಕಡಿಮೆಯೆಂದರೆ ಮೂರು ಕೊಡಬೇಕು. ಫ್ಲಾಪ್‌ನಲ್ಲಿ ಒಂದೇ ಸೂಟ್‌ನವು ಎರಡಿದ್ದರೆ ಫ್ಲಶ್ ಇನ್ನೂ ಆಗಿಲ್ಲ, ಆಗಬಹುದು. ರಿವರ್ ಬಿದ್ದ ಮೇಲೂ ಎರಡೇ ಇದ್ದರೆ ಫ್ಲಶ್‌ಗೆ ಕಾದವರೆಲ್ಲ ಬರಿಗೈ. ಮೂರು ಇದ್ದರೆ ಆ ಸೂಟ್‌ನ ಎರಡು ಎಲೆ ಕೈಯಲ್ಲಿರುವವರಿಗೆ ಫ್ಲಶ್. ನಾಲ್ಕು ಇದ್ದರೆ ಒಂದು ಎಲೆ ಸಾಕು, ಆಗ ಪೈಪೋಟಿ ಪೂರ್ತಿ ಆ ಒಂದು ಎಲೆಯ ಎತ್ತರದ ಮೇಲೆ.

ನಾಲ್ಕು ಬಿದ್ದಾಗ ಹೊಸಬರು ಎಡವುವ ರೀತಿ ನೋಡಿ. ಬೋರ್ಡ್: ಆಟೀನ್ ರಾಜ, ಆಟೀನ್ 10, ಆಟೀನ್ 6, ಆಟೀನ್ 2, ಇಸ್ಪೀಟ್ 9. ನಿಮ್ಮ ಕೈಯಲ್ಲಿ ಆಟೀನ್ 3 ಇದೆ. ಫ್ಲಶ್ ಆಗಿದೆ, ನಿಜ. ಆದರೆ ಬೋರ್ಡ್‌ನ ಆಚೆ ಇರುವ ಆಟೀನ್‌ಗಳು ಒಂಬತ್ತು: ಎಕ್ಕ, ರಾಣಿ, ಗುಲಾಮ, 9, 8, 7, 5, 4, ಮತ್ತು ನಿಮ್ಮ 3. ಉಳಿದ ಎಂಟರಲ್ಲಿ ಯಾವುದೇ ಒಂದು ಯಾರ ಕೈಯಲ್ಲಿದ್ದರೂ ನೀವು ಸೋತಿರಿ. ಇಲ್ಲಿ ಫ್ಲಶ್ ಎಂಬ ಹೆಸರಿಗೆ ಬೆಲೆ ಇಲ್ಲ, ಬೋರ್ಡ್‌ನಲ್ಲಿ ಇಲ್ಲದ ಅತಿ ದೊಡ್ಡ ಆಟೀನ್ ಯಾರ ಹತ್ತಿರ ಇದೆ ಎಂಬುದಕ್ಕೆ ಬೆಲೆ. ಹೋಲ್ಡೆಮ್‌ನಲ್ಲಿ ಸೂಟ್‌ಗಳ ನಡುವೆ ಮೇಲು ಕೀಳು ಇಲ್ಲ, ಇಸ್ಪೀಟ್ ಫ್ಲಶ್ ಕಳಾವರ್ ಫ್ಲಶ್‌ಗಿಂತ ದೊಡ್ಡದಲ್ಲ. ಎರಡು ಸೂಟ್‌ಗಳ ಫ್ಲಶ್ ಒಂದೇ ಬೋರ್ಡ್‌ನಲ್ಲಿ ಆಗುವುದೂ ಇಲ್ಲ: ಒಂದೊಂದಕ್ಕೂ ಮೂರು ಎಲೆ ಬೇಕು, ಐದರಲ್ಲಿ ಆರು ಸಿಗುವುದೆಲ್ಲಿಂದ?

ಫ್ಲಾಪ್ ಮೂರೂ ಬೇರೆ ಬೇರೆ ಸೂಟ್ ಆಗಿರುವುದಕ್ಕೆ ರೇನ್‌ಬೋ ಎನ್ನುತ್ತಾರೆ, ಸುಮಾರು 40 ಪ್ರತಿಶತ ಸಲ ಹೀಗಾಗುತ್ತದೆ. ಎರಡು ಒಂದೇ ಸೂಟ್ ಆಗಿರುವುದು 55 ಪ್ರತಿಶತ. ಮೂರೂ ಒಂದೇ ಸೂಟ್ ಆಗುವುದು ಬರೀ 5 ಪ್ರತಿಶತ. ಅಂದರೆ ಅರ್ಧಕ್ಕಿಂತ ಹೆಚ್ಚು ಫ್ಲಾಪ್‌ಗಳಲ್ಲಿ ಯಾರೋ ಒಬ್ಬರು ಫ್ಲಶ್‌ಗೆ ಕಾಯುತ್ತಿರಲು ಅವಕಾಶ ಇದ್ದೇ ಇರುತ್ತದೆ.

ಮೂರನೆಯದು ಸ್ಟ್ರೈಟ್. ಕಣ್ಣಿಗೆ ಸುಲಭವಾಗಿ ಬೀಳದೇ ಇರುವುದು ಇದೇ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ. ನಿಯಮ ಇಷ್ಟು: ಐದು ಸಾಲು ಅಂಕಿಗಳ ಒಳಗೆ ಬೋರ್ಡ್‌ನ ಮೂರು ಬೇರೆ ಬೇರೆ ಅಂಕಿಗಳು ಬಂದರೆ ಸ್ಟ್ರೈಟ್ ಸಾಧ್ಯ, ಇಲ್ಲವಾದರೆ ಇಲ್ಲ. ಗುಲಾಮ-9-8 ತೆಗೆದುಕೊಳ್ಳಿ. 8ರಿಂದ ರಾಣಿಯವರೆಗಿನ ಐದರಲ್ಲಿ ಮೂರೂ ಇವೆ, ರಾಣಿ-10 ಇದ್ದವರಿಗೆ ಸ್ಟ್ರೈಟ್. 7ರಿಂದ ಗುಲಾಮನವರೆಗಿನ ಐದರಲ್ಲೂ ಮೂರೂ ಇವೆ, 10-7 ಇದ್ದವರಿಗೂ ಸ್ಟ್ರೈಟ್. ನಡುವೆ ಸಂದೇ ಇಲ್ಲದ 9-8-7 ಬಿದ್ದರೆ ಮೂರು ಬಗೆ: ಗುಲಾಮ-10, 10-6, 6-5. ರಾಜ-ರಾಣಿ-9 ಬಿದ್ದರೆ ಒಂದೇ ಬಗೆ, ಗುಲಾಮ-10. ಸಂದು ಹೆಚ್ಚಿದಂತೆ ದಾರಿ ಕಡಿಮೆ. ತೀರಾ ತುದಿಯಲ್ಲಿ ಈ ಲೆಕ್ಕ ಕುಗ್ಗುತ್ತದೆ: ಎಕ್ಕ-ರಾಜ-ರಾಣಿ ಒತ್ತೊತ್ತಾಗಿದ್ದರೂ ಗುಲಾಮ-10 ಒಂದೇ ದಾರಿ, ಎಕ್ಕದ ಆಚೆ ಏನೂ ಇಲ್ಲವಲ್ಲ. ಎಕ್ಕ ಮೇಲಿನ ತುದಿಗೂ ಕೂರುತ್ತದೆ, ಎಕ್ಕ-2-3-4-5ರಲ್ಲಿ ಕೆಳತುದಿಗೂ ಕೂರುತ್ತದೆ. ರಾಣಿ-ರಾಜ-ಎಕ್ಕ-2-3 ಎಂದು ಸುತ್ತು ಹಾಕುವುದಕ್ಕೆ ಅವಕಾಶ ಇಲ್ಲ.

ಬೇಗ ನೋಡಲು ಒಂದು ಉಪಾಯ ಇದೆ. 5 ಅಥವಾ 10 ಇಲ್ಲದೆ ಯಾವ ಸ್ಟ್ರೈಟ್ ಕೂಡ ಆಗುವುದಿಲ್ಲ, ಬೇಕಾದರೆ ಇರುವ ಹತ್ತು ಬಗೆಯ ಸ್ಟ್ರೈಟ್‌ಗಳನ್ನೂ ಬರೆದು ನೋಡಿ. ಬೋರ್ಡ್‌ನಲ್ಲಿ 5 ಇಲ್ಲ, 10 ಕೂಡ ಇಲ್ಲ ಎಂದಾದರೆ ಸ್ಟ್ರೈಟ್ ಇರುವವರ ಕೈಯಲ್ಲಿ ಅವೆರಡರಲ್ಲಿ ಒಂದು ಇರಲೇಬೇಕು.

ಸ್ಟ್ರೈಟ್‌ನ ಕೆಳತುದಿ ಹಿಡಿದವರಿಗೆ ಒಂದು ಎಚ್ಚರಿಕೆ. ಬೋರ್ಡ್ ಗುಲಾಮ-10-9, ನಿಮ್ಮಲ್ಲಿ 8-7. ನಿಮಗೆ ಸ್ಟ್ರೈಟ್ ಇದೆ, ಆದರೆ ರಾಣಿ-8 ಇದ್ದವರದು ನಿಮಗಿಂತ ದೊಡ್ಡದು, ರಾಜ-ರಾಣಿ ಇದ್ದವರದು ಇನ್ನೂ ದೊಡ್ಡದು. ಮುಂದೆ ರಾಣಿ ಬಿದ್ದರೆ ಒಂಟಿ ರಾಜ ಇದ್ದವರೂ ನಿಮ್ಮನ್ನು ಹಿಂದಿಕ್ಕುತ್ತಾರೆ.

ಮೂರು ಎಲೆಯ ಆಟಗಳಿಂದ ಪೋಕರ್‌ಗೆ ಬಂದವರಿಗೆ ಇನ್ನೊಂದು ಮಾತು. ಅಲ್ಲಿ ಸಾಲು ದೊಡ್ಡದು, ಒಂದೇ ಸೂಟ್ ಚಿಕ್ಕದು. ಇಲ್ಲಿ ಅದು ಮಗುಚಿದೆ. ಕಾರಣ ಬರೀ ಎಣಿಕೆ. 52 ಎಲೆಯಿಂದ ಮೂರು ಎತ್ತಿದರೆ ಸಾಲಾಗುವ ರೀತಿ 720, ಬರಿಯ ಒಂದೇ ಸೂಟ್ ಆಗುವ ರೀತಿ 1,096. ಐದು ಎತ್ತಿದರೆ ಸ್ಟ್ರೈಟ್ 10,200, ಫ್ಲಶ್ 5,108. ಅಪರೂಪವಾದದ್ದು ಮೇಲೆ. ಕೈಯ ಕ್ರಮ ಬಾಯಿಪಾಠ ಎಂದಿರಿ. ಆದರೂ ಈ ಒಂದು ಜಾಗದಲ್ಲಿ ಹಳೆಯ ಅಭ್ಯಾಸ ಕೈಕೊಡುತ್ತದೆ.

ಒಣ ಬೋರ್ಡ್, ಒದ್ದೆ ಬೋರ್ಡ್

ಈ ಮೂರು ಪ್ರಶ್ನೆಗಳನ್ನು ಈಗ ಏನಾಗಿದೆ ಎಂದು ತಿಳಿಯಲು ಕೇಳಿದಂತೆ ಮುಂದೆ ಏನಾಗಬಹುದು ಎಂದು ತಿಳಿಯಲೂ ಕೇಳಬೇಕು. ಎರಡು ಫ್ಲಾಪ್ ಪಕ್ಕಪಕ್ಕ ಇಟ್ಟು ನೋಡಿ.

ಒಂದು: ಇಸ್ಪೀಟ್ ರಾಜ, ಡೈಮಂಡ್ 7, ಕಳಾವರ್ 2. ಮೂರು ಸೂಟ್, ಜೋಡಿ ಇಲ್ಲ, ಯಾವ ಎರಡು ಅಂಕಿಯೂ ಐದರ ಸಾಲಿನೊಳಗೆ ಸೇರುವುದಿಲ್ಲ. ಟರ್ನ್‌ನಲ್ಲಿ ಯಾವ ಎಲೆ ಬಂದರೂ ಇಲ್ಲಿ ಫ್ಲಶ್ ಆಗದು, ಸ್ಟ್ರೈಟ್ ಆಗದು. ನಟ್ಸ್ ಎಂದರೆ ಕೈಯಲ್ಲಿ ರಾಜನ ಜೋಡಿ ಇರುವವರ ಮೂರು ರಾಜ. ನಿಮ್ಮ ಕೈಯಲ್ಲಿ ಎಕ್ಕ-ರಾಜ ಇದ್ದರೆ ಈಗ ಮುಂದಿರುವ ನೀವು ಬಹುತೇಕ ಸಲ ಟರ್ನ್ ಆದ ಮೇಲೂ ಮುಂದಿರುತ್ತೀರಿ. ಇದು ಒಣ ಬೋರ್ಡ್.

ಇನ್ನೊಂದು: ಆಟೀನ್ 10, ಆಟೀನ್ 9, ಕಳಾವರ್ 8. ನಿಮ್ಮ ಕೈಯಲ್ಲಿ ಇಸ್ಪೀಟ್ ಎಕ್ಕ, ಡೈಮಂಡ್ ಎಕ್ಕ. ಕೈಗೆ ಬಂದಾಗ ಅತಿ ದೊಡ್ಡ ಜೋಡಿ, ಈಗಲೂ ದೊಡ್ಡ ಜೋಡಿಯೇ. ಆದರೆ ಇಲ್ಲಿ ಸ್ಟ್ರೈಟ್ ಆಗಲೇ ಸಾಧ್ಯ, ರಾಣಿ-ಗುಲಾಮ, ಗುಲಾಮ-7, 7-6 ಮೂರೂ ನಿಮ್ಮನ್ನು ದಾಟಿವೆ. ಟರ್ನ್‌ನಲ್ಲಿ ಪರಿಸ್ಥಿತಿ ಕೆಡಿಸುವ ಎಲೆ ಎಷ್ಟು ಎಂದು ಎಣಿಸಿ: 6, 7, ಗುಲಾಮ, ರಾಣಿ ಬಂದರೆ ಬೋರ್ಡ್‌ನಲ್ಲಿ ನಾಲ್ಕು ಅಂಕಿ ಒತ್ತೊತ್ತಾಗಿ ಸೇರಿ ಒಂಟಿ ಎಲೆಗೂ ಸ್ಟ್ರೈಟ್, ಅವು 16. ಉಳಿದ 8, 9, 10 ಬಂದರೆ ಬೋರ್ಡ್ ಜೋಡಿ, ಅವು 9. ಇವೆರಡಕ್ಕೂ ಸೇರದ ಆಟೀನ್‌ಗಳಲ್ಲಿ ರಾಜ, 5, 4, 3, 2 ಬಂದರೆ ಫ್ಲಶ್, ಅವು 5. ಒಟ್ಟು 30, ಕಾಣದ 47ರಲ್ಲಿ. ಇದು ಒದ್ದೆ ಬೋರ್ಡ್. ಇವುಗಳಲ್ಲಿ ಪ್ರತಿಯೊಂದೂ ನಿಮ್ಮನ್ನು ಸೋಲಿಸಿಬಿಡುತ್ತದೆ ಎಂದಲ್ಲ, ಎದುರಿನವರಿಗೆ ಏನು ಬಂತು ಎಂಬುದು ನಿಮಗೆ ಗೊತ್ತಾಗದ ಹಾಗೆ ಮಾಡುತ್ತದೆ.

ಇದರಿಂದ ಬೆಟ್ ಬಗ್ಗೆ ಒಂದು ನೇರ ಸಲಹೆ: ಒಣ ಬೋರ್ಡ್‌ನಲ್ಲಿ ಸಣ್ಣ ಬೆಟ್ ಸಾಕು, ಕಾಯುತ್ತಿರುವವರೇ ಕಡಿಮೆ. ಒದ್ದೆ ಬೋರ್ಡ್‌ನಲ್ಲಿ ನಿಮ್ಮ ಕೈ ಈಗ ಗಟ್ಟಿಯಾಗಿದ್ದರೆ ದೊಡ್ಡ ಬೆಟ್ ಹಾಕಿ, ಮುಂದಿನ ಎಲೆಗೆ ಕಾಯುವವರು ಅದಕ್ಕೆ ಬೆಲೆ ತೆರಲಿ. ಒಂದೇ ಒಂದು ಜೋಡಿ ಹಿಡಿದು ಎಲ್ಲ ಚಿಪ್ಸ್ ತಳ್ಳುವ ಜಾಗ ಮಾತ್ರ ಒದ್ದೆ ಬೋರ್ಡ್ ಅಲ್ಲ.

ಕಾಯುವ ಲೆಕ್ಕ

ನಿಮ್ಮ ಕೈಯನ್ನು ಸುಧಾರಿಸುವ ಎಲೆಗಳಿಗೆ ಔಟ್ಸ್ ಎನ್ನುತ್ತಾರೆ. ಒಂದೇ ಸೂಟ್‌ನ ನಾಲ್ಕು ಇದ್ದು ಐದನೆಯದಕ್ಕೆ ಕಾಯುವಾಗ 9 ಔಟ್ಸ್. ಎರಡೂ ತುದಿ ತೆರೆದ ಸ್ಟ್ರೈಟ್‌ಗೆ 8. ನಡುವಿನ ಒಂದು ಅಂಕಿ ಮಾತ್ರ ಬೇಕಿದ್ದರೆ 4. ಫ್ಲಾಪ್ ಆದ ಮೇಲೆ ಎರಡೂ ಎಲೆ ನೋಡುವುದಾದರೆ ಔಟ್ಸ್ ಗುಣಿಸು 4, ಒಂದೇ ಎಲೆ ನೋಡುವುದಾದರೆ ಗುಣಿಸು 2, ಬಂದದ್ದು ಸರಿಸುಮಾರು ಪ್ರತಿಶತ. ನಿಜವಾದ ಲೆಕ್ಕ: ಫ್ಲಾಪ್‌ನಿಂದ ರಿವರ್‌ವರೆಗೆ 9 ಔಟ್ಸ್‌ಗೆ 35, 8ಕ್ಕೆ 31.5, 4ಕ್ಕೆ 16.5 ಪ್ರತಿಶತ. ಟರ್ನ್ ಆದ ಮೇಲೆ ಕ್ರಮವಾಗಿ 19.6, 17.4, 8.7.

ಇಲ್ಲಿ ದೊಡ್ಡ ತಪ್ಪು ಎಂದರೆ ನಾಲ್ಕರಿಂದ ಗುಣಿಸಿದ ಸಂಖ್ಯೆ ಹಿಡಿದು ಫ್ಲಾಪ್‌ನ ಬೆಟ್‌ಗೆ ಕಾಲ್ ಮಾಡುವುದು (ಎದುರಿನವರಷ್ಟೇ ಹಾಕುವುದು). ಟರ್ನ್‌ನಲ್ಲಿ ಇನ್ನೊಂದು ಬೆಟ್ ಬರುವುದಿದ್ದರೆ ನೀವು ಈಗ ಕೊಳ್ಳುತ್ತಿರುವುದು ಒಂದೇ ಎಲೆ. ಪಾಟ್‌ನಲ್ಲಿ 100 ಚಿಪ್ಸ್ ಇದೆ, ಎದುರಿನವರು 50 ಹಾಕಿದರು ಎನ್ನಿ. ನೀವು 50 ಹಾಕಿದರೆ ಒಟ್ಟು 200, ಅಂದರೆ ನಿಮಗೆ 25 ಪ್ರತಿಶತ ಅವಕಾಶವಾದರೂ ಬೇಕು. 9 ಔಟ್ಸ್‌ನ ಫ್ಲಶ್‌ಗೆ ಒಂದು ಎಲೆಯಲ್ಲಿ ಇರುವುದು 19ರಷ್ಟು. ಎಲ್ಲ ಚಿಪ್ಸ್ ಒಳಗೆ ಹೋಗಿ ಎರಡೂ ಎಲೆ ಪುಕ್ಕಟೆ ಕಾಣುವುದಿದ್ದರೆ ಮಾತ್ರ 35 ಎಂಬ ಲೆಕ್ಕ ಹಿಡಿಯಬಹುದು. ಫ್ಲಶ್ ಆದ ಮೇಲೆ ಎದುರಿನವರಿಂದ ಇನ್ನಷ್ಟು ಚಿಪ್ಸ್ ಬರುತ್ತದೆ ಎಂಬ ನಂಬಿಕೆಯಿದ್ದರೆ ಸ್ವಲ್ಪ ಸಡಿಲ ಬಿಡಬಹುದು, ಆದರೆ ಆ ನಂಬಿಕೆಯನ್ನು ಹೊಸಬರು ಸಾಮಾನ್ಯವಾಗಿ ತುಸು ಹೆಚ್ಚೇ ಇಟ್ಟುಕೊಳ್ಳುತ್ತಾರೆ.

ಪ್ರತಿ ಸುತ್ತಿಗೂ ಮೊದಲು ಡೀಲರ್ ಒಂದು ಎಲೆಯನ್ನು ಮುಚ್ಚಿದಂತೆಯೇ ಪಕ್ಕಕ್ಕೆ ಹಾಕುತ್ತಾರಲ್ಲ, ಆ ಬರ್ನ್ ಕಾರ್ಡ್‌ಗಳನ್ನು ಲೆಕ್ಕದಿಂದ ಕಳೆಯಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ನಿಮಗೆ ಕಾಣದ ಎಲೆ ಕಟ್ಟಿನಲ್ಲಿದ್ದರೂ ಒಂದೇ, ಪಕ್ಕದಲ್ಲಿದ್ದರೂ ಒಂದೇ, ಎದುರಿನವರ ಕೈಯಲ್ಲಿದ್ದರೂ ಒಂದೇ.

ಒಂದು ಕೈ, ಮೊದಲಿಂದ ಕೊನೆವರೆಗೆ

ಮೇಲಿನದೆಲ್ಲ ಒಂದೇ ಕೈಯಲ್ಲಿ ಹೇಗೆ ಬಳಕೆಗೆ ಬರುತ್ತದೆ ನೋಡೋಣ. ನಿಮ್ಮಲ್ಲಿ ಇಸ್ಪೀಟ್ ರಾಣಿ, ಇಸ್ಪೀಟ್ ಗುಲಾಮ. ಫ್ಲಾಪ್: ಇಸ್ಪೀಟ್ 10, ಡೈಮಂಡ್ 9, ಇಸ್ಪೀಟ್ 4.

ಬೋರ್ಡ್ ಮೊದಲು. ಜೋಡಿ ಇಲ್ಲ. ಫ್ಲಶ್ ಆಗಿಲ್ಲ, ಇಸ್ಪೀಟ್ ಎರಡಿವೆ. ಸ್ಟ್ರೈಟ್ ಆಗಿಲ್ಲ, 10-9 ಹತ್ತಿರ ಇದ್ದರೂ 4 ದೂರ. ಹಾಗಾದರೆ ಈ ಕ್ಷಣದ ನಟ್ಸ್ ಮೂರು 10. ಈಗ ನಿಮ್ಮ ಎಲೆ: ಸದ್ಯಕ್ಕೆ ನಿಮ್ಮಲ್ಲಿ ಒಂದು ಜೋಡಿಯೂ ಇಲ್ಲ, ಬರೀ ರಾಣಿ ಎತ್ತರ. ಆದರೆ ಕಾಯುವುದಕ್ಕೆ ಎರಡೆರಡು ದಾರಿ. ಇಸ್ಪೀಟ್ 9 ಎಲೆ, ಸ್ಟ್ರೈಟ್‌ಗೆ ರಾಜ ನಾಲ್ಕು ಮತ್ತು 8 ನಾಲ್ಕು. ಇವನ್ನು ಕೂಡಿ 17 ಎನ್ನಬೇಡಿ, ಇಸ್ಪೀಟ್ ರಾಜ ಮತ್ತು ಇಸ್ಪೀಟ್ 8 ಎರಡೂ ಪಟ್ಟಿಯಲ್ಲಿ ಬಂದಿವೆ. ಸರಿಯಾದ ಲೆಕ್ಕ 15. ನಾಲ್ಕರಿಂದ ಗುಣಿಸಿದರೆ 60 ಬರುತ್ತದೆ, ನಿಜವಾದದ್ದು 54. ಔಟ್ಸ್ 8ಕ್ಕಿಂತ ಹೆಚ್ಚಿದ್ದಾಗ ನಾಲ್ಕರ ಸೂತ್ರ ಉಬ್ಬುತ್ತದೆ. 8ರ ಮೇಲೆ ಎಷ್ಟಿದೆಯೋ ಅಷ್ಟನ್ನು ಕಳೆದುಬಿಡಿ, ಇಲ್ಲಿ 60ರಿಂದ 7 ಹೋದರೆ 53, ಅಷ್ಟು ಸಾಕು.

ಆ ಹದಿನೈದರಲ್ಲಿ ಒಂದು ಕಲೆಬಿದ್ದ ಎಲೆ ಇದೆ, ಇಸ್ಪೀಟ್ 9. ಅದು ಬಂದರೆ ನಿಮಗೆ ಫ್ಲಶ್, ಜೊತೆಗೆ ಬೋರ್ಡ್‌ನಲ್ಲಿ 9ರ ಜೋಡಿ. ಕೈಯಲ್ಲಿ 10-9 ಇಟ್ಟುಕೊಂಡವರಿಗೆ ಅದೇ ಎಲೆ ಫುಲ್ ಹೌಸ್ ಕೊಡುತ್ತದೆ. ಔಟ್ಸ್ ಎಣಿಸುವಾಗ ನಿಮಗೆ ಒಳ್ಳೆಯದು ಮಾಡುವ ಎಲೆ ಬೋರ್ಡ್‌ಗೆ ಏನು ಮಾಡುತ್ತದೆ ಎಂದೂ ಕೇಳಿಕೊಳ್ಳಬೇಕು.

ಟರ್ನ್: ಆಟೀನ್ 4. ನಿಮಗೆ ಏನೂ ಬರಲಿಲ್ಲ ಎಂದು ಕಣ್ಣು ತಿರುಗಿಸಬೇಡಿ, ಬೋರ್ಡ್‌ಗೆ ಬಹಳ ಬಂತು. ಜೋಡಿಯಾಯಿತು. ಫ್ಲಾಪ್‌ನಲ್ಲಿ ಮೂರು 10 ಅಥವಾ ಮೂರು 9 ಇದ್ದವರು ಈಗ ಫುಲ್ ಹೌಸ್‌ನಲ್ಲಿ ಕೂತಿದ್ದಾರೆ. ಅಂಥವರು ಎದುರಿಗಿದ್ದರೆ ನಿಮ್ಮ 15 ಔಟ್ಸ್‌ನಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಅಂಥವರು ಇಲ್ಲವೆಂದಾದರೆ 46ರಲ್ಲಿ 15, ಸುಮಾರು 33 ಪ್ರತಿಶತ. ಇಲ್ಲಿ ಎದುರಿನವರು ಇದ್ದಕ್ಕಿದ್ದಂತೆ ರೇಸ್ ಮಾಡಿ (ಬೆಟ್ ಏರಿಸಿ) ಬಹಳ ದೊಡ್ಡ ಮೊತ್ತ ತಳ್ಳಿದರೆ ಮೊದಲು ನೆನಪಾಗಬೇಕಾದದ್ದು ಆ ಜೋಡಿ 4.

ರಿವರ್: ಡೈಮಂಡ್ ರಾಜ. ಬೋರ್ಡ್ ಪೂರ್ತಿ: 10, 9, 4, 4, ರಾಜ. ಮೂರು ಪ್ರಶ್ನೆ ಮತ್ತೆ. ಸೂಟ್: ಇಸ್ಪೀಟ್ ಎರಡು, ಡೈಮಂಡ್ ಎರಡು, ಆಟೀನ್ ಒಂದು. ಫ್ಲಶ್ ಯಾರಿಗೂ ಇಲ್ಲ, ಆ ಚಿಂತೆ ಮುಗಿಯಿತು. ಸಾಲು: 9-10-ರಾಜ ಸೇರುವ ಐದರ ಕಿಟಕಿ ಒಂದೇ (9ರಿಂದ ರಾಜನವರೆಗೆ), ಅದನ್ನು ತುಂಬುವುದು ರಾಣಿ-ಗುಲಾಮ ಮಾತ್ರ, ಅದು ನಿಮ್ಮ ಹತ್ತಿರ ಇದೆ. ಹಾಗಾಗಿ ಇದಕ್ಕಿಂತ ದೊಡ್ಡ ಸ್ಟ್ರೈಟ್ ಇಲ್ಲ. ಜೋಡಿ: ಇದೆ, ಆದ್ದರಿಂದ ನಿಮ್ಮನ್ನು ಸೋಲಿಸುವುದು ಫುಲ್ ಹೌಸ್ ಮತ್ತು ಕ್ವಾಡ್ಸ್ ಮಾತ್ರ. ಎಷ್ಟು ಕೈ ಹಾಗಿವೆ? 4-4 ಒಂದು ರೀತಿ. 10-10, 9-9, ರಾಜ-ರಾಜ ತಲಾ ಮೂರು. ರಾಜ-4, 10-4, 9-4 ತಲಾ ಆರು. ಒಟ್ಟು 28, ಎದುರಿನವರ ಕೈಯಲ್ಲಿ ಇರಬಹುದಾದ 990 ಜೊತೆಗಳಲ್ಲಿ. ಅವುಗಳಲ್ಲಿ 4 ಸೇರಿದ 18 ಜೊತೆಗಳನ್ನು ಹೆಚ್ಚಿನವರು ಫ್ಲಾಪ್‌ಗೂ ಮುಂಚೆಯೇ ಎಸೆದಿರುತ್ತಾರೆ. ಒಂಟಿ 4 ಇದ್ದವರ ಮೂರು 4 ನಿಮ್ಮ ಸ್ಟ್ರೈಟ್‌ಗಿಂತ ಕೆಳಗೆ. ಬೆಟ್ ಹಾಕಿ, ಧೈರ್ಯವಾಗಿ ಹಾಕಿ.

ಹೀಗೆ ಎಣಿಸುವುದು ಮೊದಮೊದಲು ನಿಧಾನ. 990ರ ಲೆಕ್ಕ ಮೇಜಿನಲ್ಲಿ ಯಾರೂ ಮಾಡುವುದಿಲ್ಲ, ನನ್ನನ್ನು ಸೋಲಿಸುವ ಕೈಗಳ ಪಟ್ಟಿ ಚಿಕ್ಕದೋ ಉದ್ದವೋ ಎಂಬುದನ್ನಷ್ಟೇ ನೋಡುತ್ತಾರೆ.

ಕಿಕ್ಕರ್, ಪಾಲು, ಕೆಳಗಿನ ಫುಲ್ ಹೌಸ್

ಇಬ್ಬರಿಗೂ ಒಂದೇ ಜೋಡಿ ಬಂದಾಗ ಐದರ ಲೆಕ್ಕ ಪೂರ್ತಿಯಾಗುವವರೆಗೆ ಮಿಕ್ಕ ಎಲೆಗಳನ್ನು ಹೋಲಿಸುತ್ತಾರೆ, ಅದು ಕಿಕ್ಕರ್. ಎಕ್ಕ-ಎಕ್ಕ-9-6-3 ಬೋರ್ಡ್‌ನಲ್ಲಿ ನಿಮ್ಮ ಎಕ್ಕ-7, ಎದುರಿನವರ ಎಕ್ಕ-ರಾಣಿ. ಇಬ್ಬರಿಗೂ ಮೂರು ಎಕ್ಕ. ಅವರದು ರಾಣಿ-9, ನಿಮ್ಮದು 9-7. ಸೋತಿರಿ. ಆದರೆ ಬೋರ್ಡ್ ಎಕ್ಕ-ರಾಜ-ರಾಣಿ-8-8 ಆಗಿದ್ದು ನಿಮ್ಮದು ಎಕ್ಕ-5, ಅವರದು ಎಕ್ಕ-9 ಆಗಿದ್ದರೆ ಇಬ್ಬರದೂ ಎಕ್ಕ-ಎಕ್ಕ-8-8-ರಾಜ. 9ಕ್ಕೂ 5ಕ್ಕೂ ಕೂರಲು ಜಾಗವೇ ಇಲ್ಲ, ಪಾಟ್ ಅರ್ಧರ್ಧ. ಕಿಕ್ಕರ್ ಸಣ್ಣದು ಎಂದು ಹೆದರಿ ಇಂಥ ಕೈಯನ್ನು ಫೋಲ್ಡ್ ಮಾಡುವವರೂ (ಎಸೆಯುವವರೂ) ಇದ್ದಾರೆ, ಅರ್ಧ ಪಾಟ್ ಬಿಟ್ಟುಕೊಟ್ಟ ಹಾಗೆ.

ಎರಡು ಜೋಡಿ ಬಿದ್ದ ಬೋರ್ಡ್, ಉದಾಹರಣೆಗೆ ರಾಣಿ-ರಾಣಿ-7-7-3. ಕೈಯಲ್ಲಿ 7 ಇದ್ದರೆ ಫುಲ್ ಹೌಸ್, ಕಣ್ಣು ಅರಳುತ್ತದೆ. ಆದರೆ ಫುಲ್ ಹೌಸ್ ಹೋಲಿಸುವಾಗ ಮೊದಲು ನೋಡುವುದು ಮೂರರ ಗುಂಪನ್ನು. ಒಂಟಿ ರಾಣಿ ಇದ್ದವರದು ಮೂರು ರಾಣಿ ಮತ್ತು 7-7, ಅದೇ ದೊಡ್ಡದು. ಸಣ್ಣ ಬೆಟ್‌ಗೆ ಕಾಲ್ ಮಾಡಿ, ರೇಸ್ ಮೇಲೆ ರೇಸ್ ಬೇಡ.

ಬೋರ್ಡ್‌ನ ಐದೂ ಎಲೆ ನಿಮ್ಮ ಏಳರಲ್ಲಿ ಅತ್ಯುತ್ತಮ ಐದಾದರೆ ನೀವು ಬೋರ್ಡ್ ಆಡುತ್ತಿದ್ದೀರಿ ಎಂದರ್ಥ. ಹೋಲ್ಡೆಮ್‌ನಲ್ಲಿ ಕೈಯಿಂದ ಎರಡು, ಒಂದು, ಅಥವಾ ಸೊನ್ನೆ ಎಲೆ ಬಳಸಬಹುದು. ಆಗ ನೀವು ಪಡೆಯಬಹುದಾದದ್ದು ಹೆಚ್ಚೆಂದರೆ ಪಾಲು, ಗೆಲುವು ಎಂಬುದು ಇಲ್ಲ. ಓಮಾಹಾ ಆಡಲು ಹೋದರೆ ಈ ಸ್ವಾತಂತ್ರ್ಯ ಇರುವುದಿಲ್ಲ: ಕೈಯ ನಾಲ್ಕರಲ್ಲಿ ಎರಡೇ, ಬೋರ್ಡ್‌ನ ಐದರಲ್ಲಿ ಮೂರೇ. ಬೋರ್ಡ್‌ನಲ್ಲಿ ನಾಲ್ಕು ಆಟೀನ್ ಇದ್ದು ಕೈಯಲ್ಲಿ ಒಂದೇ ಆಟೀನ್ ಇದ್ದರೆ ಅಲ್ಲಿ ಫ್ಲಶ್ ಇಲ್ಲ.

ಮೇಜಿನ ಒಂದು ಕಟ್ಟುನಿಟ್ಟು: ಕೈಗೆ ಎಲೆ ಬಂದಾಗಲೇ ಅಂಕಿ, ಸೂಟ್ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೂರನೇ ಆಟೀನ್ ಬಿದ್ದ ಕೂಡಲೇ ತಮ್ಮ ಎಲೆ ಎತ್ತಿ ನೋಡುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಆಟೀನ್ ಇರಬಹುದು, ಎರಡಂತೂ ಇರುವುದಿಲ್ಲ. ಎರಡಿದ್ದರೆ ಮರೆಯುತ್ತಿರಲಿಲ್ಲ. ಅನುಭವಿಗಳು ಎಲೆ ತೆರೆಯುವಾಗ ಬೋರ್ಡ್ ಬಿಟ್ಟು ನಿಮ್ಮನ್ನೇ ನೋಡುತ್ತಿರುವುದು ಇದಕ್ಕೇ.

ಅಭ್ಯಾಸಕ್ಕೆ ಚಿಪ್ಸ್ ಬೇಡ, ಜೊತೆಗಾರರೂ ಬೇಡ. ಒಂದು ಕಟ್ಟು ಎಲೆ ಕಲೆಸಿ ಐದನ್ನು ತೆರೆಯಿರಿ. ಹತ್ತು ಎಣಿಸುವುದರೊಳಗೆ ನಟ್ಸ್ ಹೇಳಿ, ಆಮೇಲೆ ಎರಡನೆಯದು, ಮೂರನೆಯದು. ಅದು ಸಲೀಸಾದ ಮೇಲೆ ಎರಡು ಎಲೆ ಕೈಗೆ ತೆಗೆದುಕೊಂಡು ನಿಮ್ಮನ್ನು ಸೋಲಿಸುವ ಕೈಗಳ ಪಟ್ಟಿ ಹೇಳಿ. ಶುರುವಿಗೆ ನಾಲ್ಕು ಬೋರ್ಡ್ ಕೊಡುತ್ತೇನೆ, ಉತ್ತರ ಮುಚ್ಚಿಕೊಂಡು ಪ್ರಯತ್ನಿಸಿ.

ಡೈಮಂಡ್ ಎಕ್ಕ, ಇಸ್ಪೀಟ್ 4, ಆಟೀನ್ 3, ಕಳಾವರ್ ರಾಜ, ಡೈಮಂಡ್ 9. ನಟ್ಸ್ 5-2. ಎಕ್ಕವನ್ನು ಕೆಳಗೆ ಕೂರಿಸಲು ಮರೆತವರು ಮೂರು ಎಕ್ಕ ಎನ್ನುತ್ತಾರೆ.

ಕಳಾವರ್ 6, ಕಳಾವರ್ 7, ಕಳಾವರ್ 10, ಡೈಮಂಡ್ ರಾಜ, ಆಟೀನ್ 2. ಎಕ್ಕದ ಫ್ಲಶ್ ಎಂದರೆ ತಪ್ಪು. ಕಳಾವರ್ 8-9 ಇದ್ದವರಿಗೆ ಸ್ಟ್ರೈಟ್ ಫ್ಲಶ್. ಕಳಾವರ್ ಎಕ್ಕದ ಜೊತೆಗೆ ಕಳಾವರ್ ರಾಜ ಇರುವುದು ಎರಡನೆಯದು.

ಇಸ್ಪೀಟ್ ಗುಲಾಮ, ಡೈಮಂಡ್ ಗುಲಾಮ, ಆಟೀನ್ 5, ಕಳಾವರ್ 5, ಇಸ್ಪೀಟ್ 9. ಮೊದಲು ನಾಲ್ಕು ಗುಲಾಮ, ಆಮೇಲೆ ನಾಲ್ಕು 5. ಮೂರನೆಯದಕ್ಕೆ ತಡವರಿಸುತ್ತಾರೆ: ಅದು ಗುಲಾಮ-9, ಮೂರು ಗುಲಾಮ ಮತ್ತು 9-9. ಕೈಯಲ್ಲಿ 9-9 ಇದ್ದವರ ಮೂರು 9 ಅದಕ್ಕಿಂತ ಕೆಳಗೆ, ಒಂಟಿ ಗುಲಾಮ ಇದ್ದವರಿಗಿಂತಲೂ ಕೆಳಗೆ.

ಇಸ್ಪೀಟ್ ರಾಣಿ, ಡೈಮಂಡ್ 8, ಕಳಾವರ್ 7, ಆಟೀನ್ 3, ಇಸ್ಪೀಟ್ 2. ಜೋಡಿ ಇಲ್ಲ, ಫ್ಲಶ್ ಇಲ್ಲ, ಯಾವ ಐದರ ಸಾಲಿನಲ್ಲೂ ಮೂರು ಅಂಕಿ ಇಲ್ಲ. ನಟ್ಸ್ ಮೂರು ರಾಣಿ. ಹೋಲ್ಡೆಮ್‌ನ ಪೂರ್ತಿ ಬೋರ್ಡ್ ಮೇಲೆ ನಟ್ಸ್ ಇದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ರಾಣಿಯ ಜಾಗಕ್ಕೆ ಗುಲಾಮನನ್ನು ಇಟ್ಟು ಜೋಡಿಯೂ ಇಲ್ಲದ, ಸ್ಟ್ರೈಟ್ ಸಾಧ್ಯವೂ ಇಲ್ಲದ ಐದು ಎಲೆ ಜೋಡಿಸಲು ಪ್ರಯತ್ನಿಸಿ, ಎಲ್ಲಿ ಸಿಕ್ಕಿಬೀಳುತ್ತೀರಿ ಎಂದು ಕಂಡುಕೊಂಡರೆ ಐದರ ಕಿಟಕಿ ನಿಮ್ಮ ಕಣ್ಣಿಗೆ ಕೂತಿದೆ.